ಚಲಚ್ಚಿತ್ರದ ವಿಜ್ಞಾನವೂ ನಮ್ಮ ಚಿಕ್ಕವ್ವನ ಬಳೆಗಳೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮ್ಮ ಅನುಭವವನ್ನು ಕುರಿತು ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯವನ್ನು ಕಂಡು ನನ್ನ ಜೊತೆಯಲ್ಲಿ ಓದಿದ ಸೋದರಿಯರು ನಗದೆ ಇರಲಾರರು. ನಮ್ಮ ಕಾಲದಲ್ಲಿ ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ಸಿನಿಮಾ ಎಂಬ ಮಾತನ್ನು ಗಟ್ಟಿಯಾಗಿ ಆಡುವುದಕ್ಕೂ ನಾವು ಅಂಜುತ್ತಿದ್ದೆವು. ಅಂತಹ ಶಾಲೆಯ ಸಂಚಿಕೆಯಲ್ಲಿ, ಮೂವತ್ತು ವರ್ಷಗಳಿಗೂ ಮಿಗಿಲಾಗಿ ವಿಜ್ಞಾನದ ಉಪಾಧ್ಯಾಯಿನಿಯಾಗಿದ್ದು ಈಗ ವಿಶ್ರಾಂತಿಯಲ್ಲಿರುವ ನಾನು, ಚಲಚ್ಚಿತ್ರದ ಮಾತನ್ನೆತ್ತುತ್ತಿದ್ದೇನೆ. ವಿಜ್ಞಾನದ ಕಲ್ಪನೆಯನ್ನು ಆಧಾರವಾಗಿಟ್ಟುಕೊಂಡು ತೆಗೆಯುವ ಚಿತ್ರಗಳಲ್ಲಿ ವಿಜ್ಞಾನವು ಎಷ್ಟರ ಮಟ್ಟಿಗೆ ನಿಜವಾಗಿರಬೇಕು? ಸುಳ್ಳಾದರೆ ಯಾರಿಗೆ ನಷ್ಟ? ಈ ಪ್ರಶ್ನೆಯು ನನಗೆ ಪುಸ್ತಕದಿಂದ ಬಂದುದಲ್ಲ; ನಮ್ಮ ಮನೆಯ ಜಗಲಿಯ ಮೇಲೆ, ನಮ್ಮ ಚಿಕ್ಕವ್ವನ ಕೈಯಿಂದ ಬಂದದ್ದು.

ನನ್ನ ಹುಟ್ಟೂರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ನಮ್ಮದು ಒಕ್ಕಲುತನದ ಮನೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬೀಸಿದರೆ ಮಳೆಯನ್ನೂ, ಕಾಡಿನ ಅಂಚಿನ ಹೊಲಗಳಿಂದ ಸುದ್ದಿ ಬಂದರೆ ಆನೆಯನ್ನೂ ನಿರೀಕ್ಷಿಸುತ್ತ ಬದುಕುವ ಜನ ನಮ್ಮವರು. ಅಂತಹವರಿಗೆ ವರ್ಷದಲ್ಲಿ ಒಂದೆರಡು ಸಲ ಟೆಂಟಿನಲ್ಲಿ ನೋಡುವ ಚಿತ್ರವೇ ದೊಡ್ಡ ಉತ್ಸವವಾಗಿದ್ದಿತು. ಅದರಲ್ಲಿಯೂ ರಾಜಕುಮಾರರ ಚಿತ್ರವೆಂದರೆ ಕೇಳಬೇಕಾಗಿಯೇ ಇಲ್ಲ. ಅವರು ಹುಟ್ಟಿದ ಗಾಜನೂರು ಇಂದು ತಮಿಳುನಾಡಿಗೆ ಸೇರಿದ್ದರೂ ಚಾಮರಾಜನಗರದ ನೆರೆಯ ಊರು. ಆದಕಾರಣ ಅವರು ನಮ್ಮ ಸೀಮೆಯವರೇ ಎಂಬ ಅಭಿಮಾನವು ನಮ್ಮ ಹಿರಿಯರಿಗೆಲ್ಲ ಇದ್ದಿತು.

ದೊರೆ-ಭಗವಾನ್ ಅವರು ನಿರ್ದೇಶಿಸಿದ ‘ಜೇಡರ ಬಲೆ’ಯು ತೆರೆಗೆ ಬಂದದ್ದು ೧೯೬೮ರಲ್ಲಿ. ಎರಡು ಮೂರು ವರ್ಷಗಳ ಮೇಲೆ, ನಾನು ವಿದ್ಯಾರ್ಥಿನಿಲಯದಿಂದ ರಜಕ್ಕೆ ಬಂದಿದ್ದಾಗ, ಅದನ್ನು ಟೆಂಟಿನಲ್ಲಿ, ನೆಲದ ಮೇಲೆ ಕುಳಿತು ನೋಡಿದೆನು. ಯಾವ ಲೋಹವನ್ನಾದರೂ ಚಿನ್ನವನ್ನಾಗಿ ಮಾಡಬಲ್ಲ ಒಂದು ರಾಸಾಯನಿಕ ಸೂತ್ರ. ಅದಕ್ಕಾಗಿ ದುಷ್ಟರ ಹೊಂಚು. ಅದನ್ನು ಕಾಪಾಡಲು ಹೊರಟ ಪತ್ತೇದಾರನ ಸಾಹಸ. ಉಳಿದವರು ಹೊಡೆದಾಟವನ್ನೂ ಹಾಡನ್ನೂ ಕೊಂಡಾಡುತ್ತ ಮನೆಗೆ ಬಂದರು. ನಾನು ಮಾತ್ರ ಆ ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದೆನು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿದ್ದ ಗಾಜಿನ ನಳಿಗೆಗಳನ್ನೂ ಸೀಸೆಗಳನ್ನೂ ನಾನು ಕಂಡಿದ್ದೆನು. ಅಂತಹ ಸೀಸೆಗಳಲ್ಲಿ ಇಂತಹ ಕಾರ್ಯವು ನಡೆಯುವುದು ಸಾಧ್ಯವೆಂದು ನಂಬಲು ಹನ್ನೆರಡು ವರ್ಷದ ಹುಡುಗಿಗೆ ಬೇರೆ ಪ್ರಮಾಣ ಬೇಕಾಗಲಿಲ್ಲ.

ಅದೇ ರಜದಲ್ಲಿ ಒಂದು ಮಧ್ಯಾಹ್ನ ಪರಸ್ಥಳದವನೊಬ್ಬನು ನಮ್ಮ ಬೀದಿಗೆ ಬಂದನು. ಒಡವೆಗಳಿಗೆ ಹೊಳಪು ಕೊಡುವುದು ತನ್ನ ಕಸುಬೆಂದು ಹೇಳಿಕೊಂಡು ನಮ್ಮ ಜಗಲಿಯ ಮೇಲೆ ಕುಳಿತನು. ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಅವನು ಒಂದು ಹಳೆಯ ತಾಮ್ರದ ಕಾಸನ್ನು ಕೇಳಿ ಪಡೆದು, ಸಣ್ಣ ಬಟ್ಟಲಿನಲ್ಲಿ ಬೂದುಬಣ್ಣದ ಪುಡಿಯನ್ನು ಹಾಕಿ ಕಾಯಿಸುತ್ತಿದ್ದ ದ್ರವದಲ್ಲಿ ಅದನ್ನಿಟ್ಟನು. ಕಾಸು ಬೆಳ್ಳಿಯಂತೆ ಬಿಳುಪಾಯಿತು. ಅದನ್ನು ತೊಳೆದು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ತೋರಿಸಿದನು. ನಾವು ನೋಡನೋಡುತ್ತಿದ್ದಂತೆಯೇ ಅದು ಚಿನ್ನದ ಬಣ್ಣಕ್ಕೆ ತಿರುಗಿತು. ಕೂಡಿದ್ದ ಹೆಂಗಸರೆಲ್ಲ ಬೆರಗಾದರು. “ಹಾಲಿಗೆ ಹೆಪ್ಪು ಬೇಡವೇ ತಾಯಿ? ಹಾಗೆಯೇ ಚಿನ್ನಕ್ಕೂ ಹೆಪ್ಪು ಬೇಕು. ಸ್ವಲ್ಪ ಚಿನ್ನ ಕೊಟ್ಟರೆ ಅದರ ಜೊತೆಗಿಟ್ಟ ತಾಮ್ರವೆಲ್ಲ ಚಿನ್ನವಾಗುವುದು” ಎಂದನು.

ನಮ್ಮ ಚಿಕ್ಕವ್ವನು ಬುದ್ಧಿಯಿಲ್ಲದವಳಲ್ಲ. ಸಂತೆಯಲ್ಲಿ ಅವಳನ್ನು ಯಾರೂ ಮೋಸಗೊಳಿಸಿರಲಿಲ್ಲ. ಅವಳು ಅನುಮಾನದಿಂದ ನನ್ನ ಕಡೆಗೆ ತಿರುಗಿ, “ಕೂಸೇ, ನೀನು ದೊಡ್ಡ ಇಸ್ಕೂಲಲ್ಲಿ ಓದೋವಳು. ಹಿಂಗೂ ಆಯ್ತದಾ?” ಎಂದು ಕೇಳಿದಳು.

“ಆಯ್ತದೆ ಚಿಕ್ಕವ್ವ. ಅದು ಸೈನ್ಸು. ನಾನೇ ಸಿನಿಮಾದಲ್ಲಿ ನೋಡಿವ್ನಿ” ಎಂದೆನು.

ಆ ಮಾತನ್ನು ಆಡಿದವಳು ನಾನು. ಚಿಕ್ಕವ್ವನು ತನ್ನ ನಾಲ್ಕು ತೊಲದ ಜೋಡಿ ಬಳೆಗಳನ್ನು ಕಳಚಿಕೊಟ್ಟಳು. ಅವನು ಅವನ್ನು ಬೇರೊಂದು ದ್ರವದಲ್ಲಿ ಮುಳುಗಿಸಿ ಬಹಳ ಹೊತ್ತು ಬಿಸಿಯಾಗಿಟ್ಟನು. ಗಂಟಲು ಕಟ್ಟುವಂತಹ ಹಳದಿ ಹೊಗೆಯೆದ್ದು ನಾವೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ಸರಿದೆವು. ಬಳಿಕ ಬಳೆಗಳನ್ನು ತಾಮ್ರದ ಚೂರುಗಳೊಡನೆ ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ಮಡಕೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಮೂರನೆಯ ದಿನ ತೆಗೆಯಬೇಕೆಂದು ಹೇಳಿದನು. ‘ಕೊಳೆಯ ನೀರನ್ನು’ ತನ್ನ ಸೀಸೆಗೆ ಬಸಿದುಕೊಂಡು ಹೊರಟುಹೋದನು. ಮೂರನೆಯ ದಿನ ಮಡಕೆಯನ್ನು ತೆರೆದರೆ ತಾಮ್ರವು ತಾಮ್ರವಾಗಿಯೇ ಇದ್ದಿತು. ಬಳೆಗಳು ಮಾತ್ರ ಕೆತ್ತನೆಯೆಲ್ಲ ಮಾಸಿ ತೆಳ್ಳಗಾಗಿದ್ದುವು. ಗುಂಡ್ಲುಪೇಟೆಯಲ್ಲಿ ಅಕ್ಕಸಾಲಿಗರು ತೂಕ ಹಾಕಿದಾಗ ಮುಕ್ಕಾಲು ತೊಲ ಕಡಮೆಯಾಗಿದ್ದಿತು. ಮನೆಯಲ್ಲಿ ನಡೆದ ಮಾತುಗಳನ್ನು ಇಲ್ಲಿ ಬರೆಯಲಾರೆನು. ಚಿಕ್ಕವ್ವನು ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ. ಒಬ್ಬಳೇ ಇದ್ದಾಗ ನಾನು ಅತ್ತರೆ, “ನಿಂದೇನ್ ತಪ್ಪು ಮಗಾ, ಆಸೆಪಟ್ಟೋಳು ನಾನು” ಎಂದಳು.

ಶಾಲೆ ತೆರೆದ ಮೇಲೆ ಈ ಭಾರವನ್ನು ಹೊರಲಾರದೆ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರ ಬಳಿ ಎಲ್ಲವನ್ನೂ ಹೇಳಿಕೊಂಡೆನು. ಸಿನಿಮಾ ನೋಡಿದ್ದಕ್ಕಾಗಿ ಬೈಯುವರೆಂದು ಕಾದಿದ್ದೆನು. ಅವರು ಬೈಯಲಿಲ್ಲ, ಸಂಜೆ ಪ್ರಯೋಗಶಾಲೆಗೆ ಕರೆದೊಯ್ದು ಕಾಸ್ಟಿಕ್ ಸೋಡದ ದ್ರಾವಣದಲ್ಲಿ ಸತುವಿನ ಪುಡಿಯನ್ನು ಹಾಕಿ ಕಾಯಿಸಿ, ತಾಮ್ರದ ಕಾಸೊಂದನ್ನು ಅದರಲ್ಲಿಟ್ಟರು. ಕಾಸು ಬೆಳ್ಳಗಾಯಿತು, ಉರಿಗೆ ಹಿಡಿದೊಡನೆ ಹೊಂಬಣ್ಣಕ್ಕೆ ತಿರುಗಿತು. “ನೀನು ನೋಡಿದ್ದು ಸುಳ್ಳಲ್ಲ, ನೋಡಿ ತಿಳಿದುಕೊಂಡದ್ದು ಸುಳ್ಳು. ಮೊದಲು ತಾಮ್ರದ ಮೇಲೆ ಸತುವಿನ ಪೊರೆ ಕೂಡಿತು. ಬಿಸಿಗೆ ಅವೆರಡೂ ಬೆರೆತುವು. ತಾಮ್ರವೂ ಸತುವೂ ಬೆರೆತರೆ ಆಗುವುದೇನು?” ಎಂದು ಕೇಳಿದರು. ಹಿತ್ತಾಳೆ! ದಿನವೂ ನೀರು ಕುಡಿಯುವ ಚೊಂಬಿನ ಲೋಹವನ್ನು ಕಂಡು ಚಿನ್ನವೆಂದು ಬೆರಗಾಗಿದ್ದೆವು. ಹಳದಿ ಹೊಗೆಯ ದ್ರವವು ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲವನ್ನು ಬೆರೆಸಿದ್ದು. ಚಿನ್ನವನ್ನು ಕರಗಿಸಿಕೊಳ್ಳಬಲ್ಲ ಈ ಮಿಶ್ರಣಕ್ಕೆ ಆಕ್ವಾ ರೀಜಿಯ ಎಂದು ಹೆಸರು. ಚಿಕ್ಕವ್ವನ ಮುಕ್ಕಾಲು ತೊಲ ಚಿನ್ನವು ಆ ‘ಕೊಳೆಯ ನೀರಿನಲ್ಲಿ’ ಊರು ಬಿಟ್ಟಿದ್ದಿತು.

ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆಯು ಇಂದಿಗೂ ನನ್ನ ಕಿವಿಯಲ್ಲಿದೆ: “ಬಳೆ ಕೊಡುವ ಮೊದಲು ತೂಕ ಹಾಕಿದಿರಾ? ಕೈಗೆ ಬಂದೊಡನೆ ಹಾಕಿದಿರಾ?” ನಾವು ಹಾಕಿರಲಿಲ್ಲ. ಬಣ್ಣವನ್ನು ನೋಡಿದ್ದೆವು, ತೂಕವನ್ನು ಕೇಳಿರಲಿಲ್ಲ.

ಮುಂದೆ ನಾನೂ ಉಪಾಧ್ಯಾಯಿನಿಯಾದ ಮೇಲೆ ಪ್ರತಿ ವರ್ಷವೂ ಈ ಕಾಸಿನ ಪ್ರಯೋಗವನ್ನು ಮಕ್ಕಳಿಗೆ ಮಾಡಿ ತೋರಿಸುತ್ತಿದ್ದೆನು. ಜೊತೆಗೆ ಹೀಗೆ ಹೇಳುತ್ತಿದ್ದೆನು: ತಾಮ್ರದ ಪರಮಾಣುವಿನ ಬೀಜದಲ್ಲಿ ೨೯ ಪ್ರೋಟಾನುಗಳು, ಚಿನ್ನದ ಬೀಜದಲ್ಲಿ ೭೯. ಸೀಸೆಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೆಲ್ಲ ಪರಮಾಣುವಿನ ಹೊರ ಅಂಗಳದ ಎಲೆಕ್ಟ್ರಾನುಗಳ ವ್ಯವಹಾರ. ಬೀಜವನ್ನು ಅದು ಮುಟ್ಟಲಾರದು. ಬೀಜವನ್ನೇ ಮುಟ್ಟಿದರೆ ಚಿನ್ನವಾಗುವುದೂ ಉಂಟು. ೧೯೮೦ರಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಅಮೆರಿಕದ ಬರ್ಕ್ಲಿಯಲ್ಲಿ ಬಿಸ್ಮತ್ ಲೋಹದಿಂದ ಕೆಲವು ಸಾವಿರ ಪರಮಾಣುಗಳಷ್ಟು ಚಿನ್ನವನ್ನು ಪಡೆದರು. ಜಿನೀವದ ಬಳಿಯ ಸರ್ನ್ ಸಂಸ್ಥೆಯ ಮಹಾಯಂತ್ರದಲ್ಲಿ ೨೦೧೫ರಿಂದ ೨೦೧೮ರ ವರೆಗೆ ಸೀಸದ ಬೀಜಗಳು ಒಂದನ್ನೊಂದು ಒತ್ತಿ ಹಾಯುವಾಗ ಸುಮಾರು ೮,೬೦೦ ಕೋಟಿ ಚಿನ್ನದ ಬೀಜಗಳು ಹುಟ್ಟಿದುವೆಂದು ೨೦೨೫ರಲ್ಲಿ ಪ್ರಕಟವಾಯಿತು. ಹುಟ್ಟಿದೊಡನೆಯೇ ಒಡೆದುಹೋದ ಅವೆಲ್ಲವನ್ನೂ ಕೂಡಿಸಿದರೆ ಎಷ್ಟು? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ೨೯ ಪಾಲು! ಆದುದರಿಂದ ‘ಜೇಡರ ಬಲೆ’ಯ ಕಲ್ಪನೆಯು ಪೂರ್ತಿಯಾಗಿ ಹುರುಳಿಲ್ಲದ್ದಲ್ಲ, ಸೀಸೆಯಲ್ಲಾಗುವುದೆಂಬುದೂ ಲಾಭವಾಗುವುದೆಂಬುದೂ ಸುಳ್ಳು.

ಹಾಗಾದರೆ ತಪ್ಪು ಚಿತ್ರದ್ದೇ? ಬಹುಕಾಲ ಯೋಚಿಸಿ, ಅಲ್ಲವೆಂದು ತೀರ್ಮಾನಿಸಿದ್ದೇನೆ. ಅದು ಪತ್ತೇದಾರನ ಕಥೆ. ರಸಾಯನಶಾಸ್ತ್ರದ ಪಾಠವನ್ನು ಹೇಳುವೆನೆಂದು ಅದು ಎಲ್ಲಿಯೂ ಪ್ರತಿಜ್ಞೆ ಮಾಡಿರಲಿಲ್ಲ. ಅದನ್ನು ಪಾಠವೆಂದು ಭಾವಿಸಿ ಸಾಕ್ಷಿ ನುಡಿದವಳು ನಾನು. ಕಥೆ ಹೇಳುವವನು ಕೇಳುವವರಿಂದ ಒಂದು ವರವನ್ನು ಬೇಡಬಹುದು. ನಮ್ಮ ಅಜ್ಜಿಯರ ಕಥೆಗಳಲ್ಲಿಯೂ ಮಾತನಾಡುವ ಗಿಳಿಯೊಂದು ಇರಲಿಲ್ಲವೇ? ಆದರೆ ಒಳ್ಳೆಯ ಕಥೆಗಾರನು ಒಂದೇ ವರವನ್ನು ಬೇಡುವನು. ಅದನ್ನು ಪಡೆದ ಮೇಲೆ ಲೋಕದ ನಿಯಮಗಳಿಗೆ ತಲೆಬಾಗಿ ನಡೆಯುವನು.

ಇದಕ್ಕೆ ದೃಷ್ಟಾಂತಗಳಿವೆ. ೨೦೧೫ರಲ್ಲಿ ಬಂದ ‘ದ ಮಾರ್ಷಿಯನ್’ ಎಂಬ ಇಂಗ್ಲಿಷ್ ಚಿತ್ರವು ಮಂಗಳ ಗ್ರಹದ ಘೋರವಾದ ಬಿರುಗಾಳಿಯಿಂದ ಆರಂಭವಾಗುವುದು. ಅಲ್ಲಿಯ ವಾಯುವಿನ ಒತ್ತಡವು ಭೂಮಿಯ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಎಷ್ಟು ವೇಗದ ಗಾಳಿಯಾದರೂ ಅದು ನಮ್ಮ ಹೊಲದ ಚೆಂಡುಹೂವಿನ ಗಿಡವನ್ನು ತೂಗಿಸಬಹುದೇ ಹೊರತು ನೌಕೆಯನ್ನು ಉರುಳಿಸಲಾರದು. ಮೂಲ ಕಾದಂಬರಿಯನ್ನು ಬರೆದ ಆಂಡಿ ವಿಯರ್ ಅವರು ಇದನ್ನು ತಾವೇ ಒಪ್ಪಿಕೊಂಡಿದ್ದಾರೆ. ಆದರೆ ಆ ಒಂದು ವರವನ್ನು ಪಡೆದ ಮೇಲೆ, ಒಬ್ಬಂಟಿಯಾಗಿ ಉಳಿದವನು ಇಂಧನದಿಂದ ಜಲಜನಕವನ್ನು ಬೇರ್ಪಡಿಸಿ ನೀರು ಮಾಡಿಕೊಳ್ಳುವುದೂ ಇಷ್ಟು ದಿನಕ್ಕೆ ಇಷ್ಟು ಆಲೂಗೆಡ್ಡೆ ಎಂದು ಲೆಕ್ಕ ಹಾಕಿ ಬೆಳೆಯುವುದೂ ನಿಯಮಕ್ಕೆ ಒಪ್ಪುವ ಮಾತು. ‘ಜೇಡರ ಬಲೆ’ ಬಂದ ೧೯೬೮ರಲ್ಲಿಯೇ ಹೊರಬಂದ ‘೨೦೦೧: ಎ ಸ್ಪೇಸ್ ಒಡಿಸ್ಸಿ’ಯಲ್ಲಿ, ನೌಕೆಯ ಹೊರಗಿನ ಶೂನ್ಯದಲ್ಲಿ ಶಬ್ದವೇ ಕೇಳಿಸದು, ಶಬ್ದವನ್ನು ಒಯ್ಯಲು ಅಲ್ಲಿ ವಾಯುವಿಲ್ಲವಷ್ಟೆ. ಆಕಾಶದಲ್ಲಿ ಗುಡುಗುಡಿಸುವ ನೌಕೆಗಳನ್ನೇ ಕಂಡವರಿಗೆ ಆ ಮೌನವು ಬೇಸರವಾಗಬಹುದು. ನನಗಾದರೋ ಅದರಷ್ಟು ಭಯಂಕರವಾದ ಶಬ್ದವು ಬೇರೆಯಿಲ್ಲ.

ಇನ್ನೂ ಹಿಂದಿನ ಒಂದು ಕಥೆಯಿದೆ. ೧೯೨೯ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ಅವರು ‘ಚಂದ್ರನಲ್ಲಿ ಸ್ತ್ರೀ’ ಎಂಬರ್ಥದ ಹೆಸರಿನ ಮೂಕಚಿತ್ರವೊಂದನ್ನು ತೆಗೆದರು. ಅದರಲ್ಲಿ ಖಗೋಳಶಾಸ್ತ್ರವನ್ನು ಕಲಿತ ಒಬ್ಬ ತರುಣಿಯು ಚಂದ್ರಯಾತ್ರೆಗೆ ಹೋಗುವಳು. ರಾಕೆಟ್ಟಿನ ವಿಷಯದಲ್ಲಿ ಸಲಹೆ ಕೊಟ್ಟವರು ಹರ್ಮನ್ ಓಬರ್ತ್ ಎಂಬ ವಿಜ್ಞಾನಿ. ಒಂದರ ಮೇಲೊಂದು ಹಂತವಿರುವ ರಾಕೆಟ್ಟು ಆ ಚಿತ್ರದಲ್ಲಿದೆ. ಉಡಾವಣೆಗೆ ಮುಂಚೆ ಅಂಕಿಗಳನ್ನು ಹಿಂದುಹಿಂದಾಗಿ ಎಣಿಸುವುದೂ ಅದರಿಂದಲೇ ಪ್ರಸಿದ್ಧವಾಯಿತು; ಇಂದು ಶ್ರೀಹರಿಕೋಟೆಯಲ್ಲಿ ನಾವು ಕೇಳುವ ಎಣಿಕೆಯು ಅದರ ವಂಶದ್ದೇ. ಅದೇ ಚಿತ್ರದ ಚಂದ್ರನಲ್ಲಿ ಉಸಿರಾಡುವ ಗಾಳಿಯೂ ಇದೆ! ನಿಜವೂ ಸುಳ್ಳೂ ಒಂದೇ ಹಾಸಿಗೆಯಲ್ಲಿ ಮಲಗಿರುವಾಗ ಎಬ್ಬಿಸಿ ಬೇರ್ಪಡಿಸುವ ಕೆಲಸವು ನೋಡುವವರದು.

ಓಬರ್ತ್ ಅವರ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನಾಡಿಗೆ ಬರೋಣ. ೨೦೧೯ರ ಆಗಸ್ಟ್ ೧೫ರಂದು ‘ಮಿಷನ್ ಮಂಗಲ್’ ಎಂಬ ಹಿಂದೀ ಚಿತ್ರವು ತೆರೆಗೆ ಬಂದಿತು. ಬೆಂಗಳೂರಿನ ಇಸ್ರೋ ಸಂಸ್ಥೆಯವರು ಮಂಗಳ ಗ್ರಹಕ್ಕೆ ನೌಕೆಯನ್ನು ಕಳುಹಿಸಿದ ವಿಷಯವು ಅದರ ವಸ್ತು. ಅದರಲ್ಲಿ ಒಬ್ಬ ಗೃಹಿಣಿ-ವಿಜ್ಞಾನಿಯು ಪೂರಿ ಕರಿಯುವುದನ್ನು ತೋರಿಸಿ, ಎಣ್ಣೆ ಕಾದ ಮೇಲೆ ಒಲೆಯನ್ನು ಆರಿಸಿದರೂ ಉಳಿದ ಪೂರಿಗಳು ಬೇಯುವಂತೆ ಇಂಧನವನ್ನು ಉಳಿಸಬಹುದೆಂದು ವಿವರಿಸುವಳು. ಇದನ್ನು ನೋಡಿ ಕೆಲವರು ನಕ್ಕರು. ನಾನು ನಗಲಿಲ್ಲ, ಅಭ್ಯಾಸಬಲದಿಂದ ತೂಕ ಹಾಕಿದೆನು. ಹೋಲಿಕೆಯು ಅರ್ಧ ಸರಿ. ಎಂಜಿನ್ನನ್ನು ಸದಾ ಉರಿಸಬೇಕಾಗಿಲ್ಲವೆಂಬುದು ನಿಜ. ಆದರೆ ಎಣ್ಣೆಯು ತಾನಾಗಿ ಆರುತ್ತ ಹೋಗುವುದು. ಶೂನ್ಯದಲ್ಲಿ ಸಾಗುವ ನೌಕೆಗೆ ವೇಗವನ್ನು ಕದಿಯುವ ಗಾಳಿಯ ತಡೆಯಿಲ್ಲ.

ನಿಜವಾಗಿ ನಡೆದದ್ದು ಇನ್ನೂ ಸೊಗಸಾದುದು. ೨೦೧೩ರ ನವೆಂಬರ್ ೫ರಂದು ಹಾರಿದ ಪಿ.ಎಸ್.ಎಲ್.ವಿ. ರಾಕೆಟ್ಟಿಗೆ ನೌಕೆಯನ್ನು ನೇರವಾಗಿ ಮಂಗಳದ ದಾರಿಗೆ ಹಚ್ಚುವ ಶಕ್ತಿಯಿರಲಿಲ್ಲ. ಆದಕಾರಣ ನೌಕೆಯನ್ನು ಭೂಮಿಯ ಸುತ್ತ ಉದ್ದನೆಯ ಕಕ್ಷೆಯಲ್ಲಿ ಬಿಟ್ಟು, ಅದು ಭೂಮಿಗೆ ಅತಿ ಹತ್ತಿರವಾಗಿ ಅತಿ ವೇಗದಲ್ಲಿರುವಾಗಲೇ ಎಂಜಿನ್ನನ್ನು ಉರಿಸಿ, ಸುತ್ತುಸುತ್ತಿಗೂ ಕಕ್ಷೆಯನ್ನು ಹಿಗ್ಗಿಸಿದರು. ಉಯ್ಯಾಲೆಯಲ್ಲಿ ನಿಂತು ಜೀಕುವ ಹುಡುಗಿಯು ಕೆಳಗೆ ರಭಸದಿಂದ ಬರುವ ಗಳಿಗೆಯಲ್ಲಿ ಜೀಕುವಳಲ್ಲವೇ? ವೇಗ ಹೆಚ್ಚಿರುವಾಗ ಉರಿಸಿದ ಇಂಧನವೇ ಹೆಚ್ಚು ಫಲ ಕೊಡುವುದೆಂಬ ಈ ತತ್ವಕ್ಕೆ ಓಬರ್ತ್ ಪರಿಣಾಮವೆಂದೇ ಹೆಸರು. ನವೆಂಬರ್ ೧೧ರ ಪ್ರಯತ್ನದಲ್ಲಿ ಉದ್ದೇಶಿಸಿದಷ್ಟು ವೇಗ ಬರಲಿಲ್ಲ. ಮರುದಿನ ಅದನ್ನು ತುಂಬಿಸಿಕೊಂಡರು. ಡಿಸೆಂಬರ್ ೧ರಂದು ನೌಕೆಯು ಭೂಮಿಯನ್ನು ಬಿಟ್ಟು ಹೊರಟು, ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳದ ಕಕ್ಷೆಯನ್ನು ಸೇರಿತು. ಆ ದಿನ ಅಲ್ಲಿಂದ ಸಂದೇಶ ಬರಲು ಹನ್ನೆರಡು ನಿಮಿಷಗಳಿಗೂ ಮಿಗಿಲಾಗಿ ಬೇಕಾಯಿತು. ಮಂಗಳದಿಂದ ಪಕ್ಕದ ಮನೆಯವರೊಡನೆ ಮಾತನಾಡುವಂತೆ ಮಾತನಾಡುವ ಚಿತ್ರಗಳನ್ನು ನೋಡುವಾಗ, ಆ ಹನ್ನೆರಡು ನಿಮಿಷ ಉಸಿರು ಬಿಗಿಹಿಡಿದು ಕುಳಿತಿದ್ದವರನ್ನು ನೆನೆಯಬೇಕು. ನಿಜವನ್ನು ಕೈಬಿಟ್ಟ ಚಿತ್ರವು ಎಷ್ಟೋ ಸಲ ಕಥೆಯ ಜೀವವನ್ನೇ ಕೈಬಿಟ್ಟಿರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಒಂದು ಪಕ್ಷವನ್ನೇ ಹೇಳಿದಂತಾಗುವುದು. ಆ ಮಂಗಳಯಾನದಲ್ಲಿ ದುಡಿದ ಹಿರಿಯ ವಿಜ್ಞಾನಿಗಳಲ್ಲೊಬ್ಬರಾದ ನಂದಿನಿ ಹರಿನಾಥ್ ಅವರು, ದೂರದರ್ಶನದಲ್ಲಿ ನೋಡಿದ ‘ಸ್ಟಾರ್ ಟ್ರೆಕ್’ ಕಥೆಗಳೇ ತಮಗೆ ವಿಜ್ಞಾನದ ಮೊದಲ ಪರಿಚಯವೆಂದು ಹೇಳಿಕೊಂಡಿದ್ದಾರೆ. ಆ ಕಥೆಗಳಲ್ಲಿ ನೌಕೆಗಳು ಬೆಳಕಿಗಿಂತಲೂ ವೇಗವಾಗಿ ಓಡುವುವು. ಮನುಷ್ಯರು ಒಂದೆಡೆ ಕರಗಿ ಇನ್ನೊಂದೆಡೆ ಮೂಡುವರು. ಅದೇ ಸುಳ್ಳಿನ ಬಾಗಿಲಿನಿಂದ ಒಬ್ಬ ಬಾಲಕಿಯು ಒಳಹೊಕ್ಕು ನಿಜವಾದ ಮಂಗಳದ ವರೆಗೆ ನಡೆದರು. ನಾನೂ ಒಂದು ಸುಳ್ಳಿನ ಬಾಗಿಲಿನಿಂದಲೇ ವಿಜ್ಞಾನವನ್ನು ಹೊಕ್ಕವಳು. ನಮ್ಮ ಮನೆಗೆ ಅದರ ಬೆಲೆ ಮುಕ್ಕಾಲು ತೊಲ. ಚಿತ್ರದಲ್ಲಿ ಸುಳ್ಳಿರುವುದರಿಂದಲೇ ಕೇಡಾಗುವುದಿಲ್ಲ. ಮಗುವು ಚಿತ್ರವನ್ನು ನೋಡಿ ಬಂದ ಮೇಲೆ, ಅದನ್ನು ತೂಕ ಹಾಕಲು ಕಲಿಸುವವರು ಯಾರೂ ಇಲ್ಲದಿದ್ದರೆ ಕೇಡಾಗುವುದು.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳಿಗೆ ಇಂತಹ ಚಿತ್ರಗಳನ್ನು ನಿಷೇಧಿಸಬೇಡಿರಿ. ಒಬ್ಬರನ್ನೇ ಬಿಟ್ಟು ನೋಡಿಸಲೂ ಬೇಡಿರಿ. ಜೊತೆಯಲ್ಲಿ ಕುಳಿತು ನೋಡಿರಿ. ಮುಗಿದ ಮೇಲೆ, “ಇದರಲ್ಲಿ ಕಥೆಗಾರನು ಬೇಡಿದ ವರ ಯಾವುದು? ಉಳಿದದ್ದು ನಿಯಮಕ್ಕೆ ಸರಿಯೇ?” ಎಂದು ಕೇಳಿರಿ. ಉತ್ತರವು ನಿಮಗೆ ತಿಳಿಯದಿದ್ದರೆ ಮಗುವಿನೊಡನೆ ಹುಡುಕಿರಿ. ಆಕಾಶನೌಕೆಯ ಸದ್ದಿನ ವಿಷಯದಲ್ಲಿ ತಪ್ಪು ತಿಳಿದರೆ ದೊಡ್ಡ ಹಾನಿಯಿಲ್ಲ. ಆದರೆ ಔಷಧ, ಹಣ, ದೇಹ ಇವುಗಳ ವಿಷಯದಲ್ಲಿ ವಿಜ್ಞಾನದ ವೇಷ ಹಾಕಿ ಬರುವವರು ಇಂದು ಬೀದಿಗೆ ಬರಬೇಕಾಗಿಯೂ ಇಲ್ಲ. ಕೈಯಲ್ಲಿರುವ ದೂರವಾಣಿಯಿಂದಲೇ ಮನೆಯೊಳಕ್ಕೆ ಬರುವರು. ಚಿತ್ರದ ಮುಂದೆ ಪ್ರಶ್ನೆ ಕೇಳಲು ಕಲಿತ ಮಗುವು ಅವರ ಮುಂದೆಯೂ ಕೇಳುವುದು.

೨೦೨೩ರ ಆಗಸ್ಟ್ ೨೩ರ ಸಂಜೆ ನಾನು ಭೀಮನಬೀಡಿನಲ್ಲಿದ್ದೆನು. ಚಂದ್ರಯಾನ-೩ರ ನೌಕೆಯು ಚಂದ್ರನ ಮೇಲೆ ಇಳಿಯುವುದನ್ನು ನೋಡಲು ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕುಳಿತಿದ್ದೆವು. ತೆರೆಯ ಮೇಲೆ ನೌಕೆಯ ಚಿತ್ರವು ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿದ್ದಿತು. ಪಕ್ಕದಲ್ಲಿ ಅಂಕಿಗಳು ಕಡಮೆಯಾಗುತ್ತಿದ್ದುವು. ಎಲ್ಲರೂ ಕೈಮುಗಿದು ಮೌನವಾಗಿದ್ದಾಗ ನನ್ನ ಎಂಟು ವರ್ಷದ ಮೊಮ್ಮಗಳು, “ಅಜ್ಜಿ, ನೌಕೆ ಈಗ ತಾನೇ ಇಳೀತಾ ಇದೆ. ಅದನ್ನ ಹೊರಗಡೆ ನಿಂತು ಫೋಟೋ ತೆಗೀತಿರೋರು ಯಾರು?” ಎಂದಳು.

ಅವಳ ತಂದೆಯು ಸುಮ್ಮನಿರೆಂದು ಗದರಿದನು. ನಾನು ಅವಳನ್ನು ಹತ್ತಿರಕ್ಕೆ ಎಳೆದುಕೊಂಡು, ಅದು ತೆಗೆದ ಚಿತ್ರವಲ್ಲವೆಂದೂ ನೌಕೆಯು ಕಳುಹಿಸುವ ಅಂಕಿಗಳಿಂದ ಗಣಕಯಂತ್ರವು ಬರೆಯುತ್ತಿರುವ ಚಿತ್ರವೆಂದೂ ಹೇಳಿದೆನು. “ಹಾಗಾದ್ರೆ ಅಂಕಿ ಮಾತ್ರ ನಿಜ” ಎಂದು ಹೇಳಿ ಅವಳು ಚಿತ್ರವನ್ನು ಬಿಟ್ಟು ಅಂಕಿಗಳನ್ನೇ ನೋಡತೊಡಗಿದಳು. ಆರು ಗಂಟೆ ನಾಲ್ಕು ನಿಮಿಷಕ್ಕೆ ನೌಕೆಯು ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನು, ನನ್ನ ಕೈಯಲ್ಲಿ ಚಿಕ್ಕವ್ವನು ಬಿಟ್ಟುಹೋದ ಆ ತೆಳ್ಳನೆಯ ಬಳೆಗಳಿದ್ದುವು.